ಇತ್ತಲೆಕೆರೆಯ ತೂಬು

ಹೊಸದಾಗಿ ಬಂದವರು ಇತ್ತಲೆಕೆರೆ ಎಂದರೆ ಎರಡು ತಲೆಯ ಇತ್ತಲೆ ಹಾವಿನ ಕೆರೆ ಎಂದುಕೊಳ್ಳುವುದುಂಟು. ಏರಿಯ ನಡುವೆ ಬಾವಿಯಂತೆ ಕಟ್ಟಿದ ಕಲ್ಲಿನ ತೂಬೊಂದಿದೆ. ಅದರ ತಳದಲ್ಲಿ ಕಬ್ಬಿಣದ ಹಲಗೆಗಳನ್ನು ಮೊಳೆ ಬಡಿದು ಕೂಡಿಸಿದ ಬಾಗಿಲು. ಬಾಗಿಲಿನಾಚೆ ಏರಿಯ ಹೊಟ್ಟೆಯಲ್ಲಿ ಹಾದು ಗದ್ದೆಗೆ ಹೋಗುವ ಸುರಂಗ. ಆ ಮೊಳೆಗಳಿಗೆ ಎರಡು ಬದಿಯೂ ತಲೆ. ಕೆರೆಗೆ ಹೆಸರು ಬಂದದ್ದು ಅವುಗಳಿಂದ ಎನ್ನುತ್ತಾರೆ ಇಲ್ಲಿನ ಹಿರಿಯರು.

ಹಿಂದೆ ಒಮ್ಮೆ ಮಳೆ ಹಿಡಿದು ನೀರು ಕೋಡಿಯ ಮಟ್ಟಕ್ಕೆ ಬಂದಿತ್ತಂತೆ. ತೂಬಿನ ಬಾಗಿಲ ಹಲಗೆಗಳು ಸಡಿಲಗೊಂಡು ಸುರಂಗದಿಂದ ಕೆಂಪು ನೀರು ಹೊರಬರತೊಡಗಿತು. ಕೆಂಪು ನೀರೆಂದರೆ ಏರಿ ಒಳಗೊಳಗೇ ಕರಗುತ್ತಿದೆ ಎಂದರ್ಥ. ಕೆಳಗಿನ ಕೇರಿಯವರು ಮಕ್ಕಳನ್ನೆತ್ತಿಕೊಂಡು ಗುಡ್ಡ ಹತ್ತಿದರು. ಈಜು ಬಲ್ಲವರು ಕೆರೆಗಿಳಿದು, ಕೆರೆಯ ನೀರು ಒಳಹೋಗುವ ತೂಬಿನ ಬಾಯಿಗೆ ಚಪ್ಪಡಿ ಆನಿಸಿ, ಹುಲ್ಲು, ಜೇಡಿಮಣ್ಣು ತುರುಕಿದರು. ತೂಬಿನ ಬಾವಿ ಸೋರಿ ಬರಿದಾಯಿತು. ಆ ಮಣ್ಣು ಎಷ್ಟು ಹೊತ್ತು ತಡೆದೀತೆಂದು ಯಾರಿಗೂ ಗೊತ್ತಿರಲಿಲ್ಲ. ಅಷ್ಟರೊಳಗೆ ಹೊಸ ಮೊಳೆ ಬಡಿಯಬೇಕಿತ್ತು. ಸುರಂಗದೊಳಗೆ ನಿಂತು ಸುತ್ತಿಗೆ ಬೀಸಲು ಕಮ್ಮಾರ ಸಿಂಗೋಜನಿದ್ದ. ಆದರೆ ಬಾವಿಯ ಬದಿಯಿಂದ ಕಾದ ಮೊಳೆಯನ್ನು ತೂತಿಗೆ ತೂರಿಸಿ, ಅದರ ತಲೆಗೆ ಕಬ್ಬಿಣದ ಗಟ್ಟಿ ಒತ್ತಿ ಹಿಡಿಯಲು ಇನ್ನೊಬ್ಬರು ಬೇಕು. ಅವನ ಹೆಂಡತಿ ಕೇತವ್ವೆ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. “ಕುಲುಮೆಯಲ್ಲಿ ದಿನವೂ ಹಿಡಿಯುವವಳು ನಾನು. ಬೇರೆಯವರಾದರೆ ನಿಮ್ಮ ಏಟಿಗೆ ಕೈ ಬಿಡುತ್ತಾರೆ” ಎಂದಳು. ಸಿಂಗೋಜ ಬೇಡವೆನ್ನಲು ಬಾಯಿ ತೆರೆದ. ಅವಳ ಬದಲಿಗೆ ಹೇಳಲು ಬೇರೆ ಹೆಸರಿರಲಿಲ್ಲ. ತಾನೇ ಅವಳ ಸೊಂಟಕ್ಕೆ ಹಗ್ಗ ಬಿಗಿದು, ಗಂಟನ್ನು ಮತ್ತೆ ಮತ್ತೆ ಎಳೆದು ನೋಡಿ, ಅವಳನ್ನು ಬಾವಿಗಿಳಿಸಲು ಹಗ್ಗದ ತುದಿಯನ್ನು ಏರಿಯ ಮೇಲಿನವರ ಕೈಗಿತ್ತು, ಸುರಂಗಕ್ಕೆ ನಡೆದ.

ಒಳಗೆ ಅವನಿಗೆ ಅವಳು ಕಾಣುತ್ತಿರಲಿಲ್ಲ. ಏರಿಯ ಮೇಲಿನವರು ಕೆಂಡದ ಮಡಕೆಯಲ್ಲಿ ಮೊಳೆ ಇಳಿಸುವರು, ಅವಳು ಇಕ್ಕಳದಿಂದೆತ್ತಿ ತೂರಿಸುವಳು, ಕತ್ತಲಲ್ಲಿ ಕೆಂಪು ತುದಿಯೊಂದು ಇಣುಕುವುದು. ಅವನು ಬಡಿದು ತಲೆ ಮಾಡುವನು. ಮುಂದಿನ ತುದಿ ಕಾಣುವವರೆಗೆ ತೂತಿನ ಮೇಲೇ ಕಣ್ಣಿಟ್ಟಿರುವನು. ಒಂದೇ ತೂತು ಉಳಿದಾಗ ಅದರಿಂದ ಮೊಳೆಯ ಬದಲು ನೀರು ಚಿಮ್ಮಿತು. “ಕೇತವ್ವಾ, ಹಗ್ಗ ಜಗ್ಗು, ಮೇಲೆ ಹೋಗು” ಎಂದು ಕೂಗಿದ. ಉತ್ತರವಾಗಿ ಬಂದದ್ದು ಮೊಳೆ, ಚುಂಯ್‌ಗುಡುತ್ತ, ಆಗಲೇ ಕಪ್ಪಾಗುತ್ತ. ಬಿಟ್ಟು ಓಡಿದರೆ ಅವಳು ಹಿಡಿದದ್ದು ವ್ಯರ್ಥ. ಕೈಯಲ್ಲಿದ್ದ ಬಲವನ್ನೆಲ್ಲ ಸುರಿದು ಬಡಿದ. ತಲೆ ಕೂತಿತೋ ಇಲ್ಲವೋ, ಆಚೆ ಚಪ್ಪಡಿ ಉರುಳಿದ ಸದ್ದಾಯಿತು. ಕೆರೆಯ ಭಾರವೆಲ್ಲ ಬಾಗಿಲಿಗೆ ಬಂದು ಬಡಿಯಿತು. ಬಾಗಿಲು ನಡುಗಿ ನಿಂತಿತು. ಹನಿಯೂ ಸೋರಲಿಲ್ಲ. ಕಬ್ಬಿಣಕ್ಕೆ ಕಿವಿಯಿಟ್ಟ, ನೀರಿನ ಸದ್ದು ಮಾತ್ರ.

ಅವನು ಬಿದ್ದು ಎದ್ದು ಏರಿ ಹತ್ತಿದಾಗ ಜನ ಗುಂಪುಗೂಡಿ ನಿಂತಿದ್ದರು. ಅವನನ್ನು ಕಂಡು ಜನ ತಾವಾಗಿ ಸರಿದರು. ಕೇತವ್ವೆ ಒದ್ದೆ ನೆಲದಲ್ಲಿ ಕೂತಿದ್ದಳು, ಹಲ್ಲು ಕಟಕಟಿಸುತ್ತಿದ್ದವು, ಒಂದು ತೋಳು ಜೋತುಬಿದ್ದಿತ್ತು. “ತಲೆ ಕೂತಿತೇ?” ಎಂದು ಕೇಳಿದಳು. ಸಿಂಗೋಜ ಅವಳ ಪಕ್ಕ ಕುಸಿದು ಕೂತು ಅತ್ತನಂತೆ.

ಈಗಿರುವುದು ಆ ಬಾಗಿಲಲ್ಲ. ಹಲಗೆಗಳು ಎಷ್ಟೋ ಸಲ ಬದಲಾಗಿವೆ. ಊರಿಗೆ ವೆಲ್ಡಿಂಗ್ ಬಂದಿದ್ದರೂ ತೂಬಿಗೆ ಅದನ್ನು ತಾಗಿಸುವುದಿಲ್ಲ. ಇಂದಿಗೂ ಮೊಳೆ ಕಾಯಿಸಿ, ಇಬ್ಬರು ಎರಡು ಬದಿ ನಿಂತೇ ಬಡಿಯುತ್ತಾರೆ. ಬೇಸಿಗೆಯಲ್ಲಿ ನೀರಿಳಿದಾಗ ಹೋದವರು ಬಾಗಿಲನ್ನು ಮುಟ್ಟಿ ನೋಡಬಹುದು. ನೀರಿನ ಬದಿಯ ತಲೆಗಳು ಸವೆದು ನುಣುಪಾಗಿವೆ; ಸುರಂಗದ ಬದಿಯವುಗಳ ಮೇಲೆ ಸುತ್ತಿಗೆಯ ಏಟುಗಳು ಒಂದೊಂದಾಗಿ ಬೆರಳಿಗೆ ಸಿಗುತ್ತವೆ.