ಹಾಲಿಗೆ ಕಾವಲು ಮಲಗಿದ ಸೌಟು

ಒಲೆಯ ಮೇಲೆ ಕೂಸಿನ ಹಾಲು ಕಾಯುತ್ತಿತ್ತು. ಮನೆಯಲ್ಲಿದ್ದ ಹಾಲು ಅಷ್ಟೇ. ಉಕ್ಕದಿರಲೆಂದು ಪಾತ್ರೆಯ ಬಾಯಿಗೆ ಮರದ ಸೌಟನ್ನು ಅಡ್ಡ ಇಟ್ಟಿದ್ದರು. ಹಾಲು ಏರಿದೊಡನೆ ಪಾತ್ರೆ ಇಳಿಸಲು ಇಕ್ಕಳ ಪಕ್ಕದಲ್ಲೇ ನಿಂತಿತ್ತು.

"ಯಾಕೋ ತಮ್ಮ, ಸುಮ್ಮನೆ ಕಾಲು ನೋಯಿಸಿಕೊಳ್ಳುತ್ತೀಯ?" ಎಂದಿತು ಸೌಟು. "ನಾನು ಅಡ್ಡ ಮಲಗಿದ ಮೇಲೆ ಹಾಲು ಎಂದೂ ಉಕ್ಕಿದ್ದಿಲ್ಲ."

"ಎಂದೂ ಇಲ್ಲವೇ ಅಕ್ಕ?"

"ಎಂದೆಂದಿಗೂ ಇಲ್ಲ. ನಂಬಿಕೆ ಇಲ್ಲದಿದ್ದರೆ ನಿಂತೇ ಸಾಯಿ."

ಇಕ್ಕಳ ಗೋಡೆಗೆ ಒರಗಿ ಕಣ್ಣು ಮುಚ್ಚಿತು. ಅಷ್ಟರಲ್ಲಿ ಹಾಲು ಭುಸ್ಸೆಂದು ಎದ್ದು ಸೌಟನ್ನೇ ಎತ್ತಿ ಎಸೆಯಿತು. ಪಾತ್ರೆ ಮಗುಚಿ, ಹಾಲೆಲ್ಲ ಒಲೆಗೆ ಸುರಿದು, ಬೆಂಕಿ ಆರಿತು.

"ಅಯ್ಯಯ್ಯೋ, ಇದೇನಿದು!" ಸೌಟು ಬೆಚ್ಚಿತು. "ನಿನ್ನೆ ಉಕ್ಕಲಿಲ್ಲ, ಮೊನ್ನೆಯೂ ಉಕ್ಕಲಿಲ್ಲ!"

"ಆ ಎರಡು ದಿನ ನನ್ನಲ್ಲಿ ಅರ್ಧವೇ ಹಾಲಿತ್ತಲ್ಲೇ," ಎಂದಿತು ಪಾತ್ರೆ. "ಇವತ್ತು ಕಂಠದವರೆಗೆ ಇತ್ತು."

ಇಕ್ಕಳ ಸೌಟಿನತ್ತ ತಿರುಗಿತು. "ಬರೀ ಎರಡು ದಿನವೇ! ಅಷ್ಟನ್ನೇ ಹೇಳಿದ್ದರೆ ನಾನು ಕಣ್ಣು ಮುಚ್ಚುತ್ತಿದ್ದೆನೇ, ಮಹಾತಾಯಿ?"

"ಎರಡೇ ದಿನ ಅಂದರೆ ನನ್ನನ್ನು ಯಾರು ಲೆಕ್ಕಕ್ಕೆ ಇಡುತ್ತಿದ್ದರು?"

ತೊಟ್ಟಿಲಲ್ಲಿ ಕೂಸು ಹಸಿದು ಅಳತೊಡಗಿತು. ಸೌಟು ಗಾಬರಿಯಿಂದ ಪಾತ್ರೆಯ ತಳ ಕೆರೆಯಿತು. ಒಂದು ಗುಟುಕೂ ಸಿಗಲಿಲ್ಲ.