ಹನ್ನೊಂದನೇ ಪಾಠ

ಮಲಪ್ರಭೆಯ ದಂಡೆಯ ಒಂದು ಸಣ್ಣ ಆಶ್ರಮದಲ್ಲಿ ಮಹಾಂತಯ್ಯ ಗವಾಯಿಗಳು ಸಂಗೀತ ಹೇಳಿಕೊಡುತ್ತಿದ್ದರು. ವಯಸ್ಸು ಎಪ್ಪತ್ತನಾಲ್ಕು. ಉಬ್ಬಸದ ಕಾಯಿಲೆ. ಒಂದು ಮಾತು ಮುಗಿಸಲು ಎರಡು ಸಲ ಉಸಿರು ಎಳೆದುಕೊಳ್ಳುತ್ತಿದ್ದರು.

ಅವರ ಪಾಠಕ್ಕೆ ಒಂದು ನೇಮವಿತ್ತು. ಗುರು ಉಸಿರು ತೆಗೆದುಕೊಂಡ ಕಡೆಯೇ ಶಿಷ್ಯನೂ ತೆಗೆದುಕೊಳ್ಳಬೇಕು. ಗುರು ತೆಗೆದುಕೊಳ್ಳದ ಕಡೆ ಶಿಷ್ಯ ತೆಗೆದುಕೊಳ್ಳುವಂತಿಲ್ಲ. ತಪ್ಪಿದರೆ ಮೊದಲಿನಿಂದ ಹಾಡಬೇಕು. ಯಾರು ಎಷ್ಟು ಗೋಗರೆದರೂ ಗುರುಗಳು ಇದನ್ನು ಸಡಿಲಿಸುತ್ತಿರಲಿಲ್ಲ.

ಅವರ ಹಿರಿಯ ಶಿಷ್ಯ ದಾನೇಶ. ಹದಿನಾರು ವರ್ಷದಿಂದ ಅಲ್ಲೇ ಇದ್ದ. ತಂಬೂರಿ ಶ್ರುತಿ ಮಾಡುವವನು, ಹೊತ್ತಿಗೆ ಸರಿಯಾಗಿ ಗುಳಿಗೆ ಕೊಡುವವನು, ದಿನಾ ಬೈಸಿಕೊಳ್ಳುವವನು ಎಲ್ಲ ಅವನೇ.

ಒಂದು ದಿನ ಅವನು ಗುರುಗಳಿಗೆ ಹೇಳಿದ: ದೂರದ ಮಕ್ಕಳು ಇಲ್ಲಿಗೆ ಬರಲಾರರು, ನೀವು ಅಲ್ಲಿಗೆ ಹೋಗಲಾರಿರಿ, ಪಾಠಗಳನ್ನು ವಿಡಿಯೊ ಮಾಡಿ ಹಾಕೋಣ. ಮೂರನೆಯ ದಿನ ಗುರುಗಳು ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಬಂದು ಮೊಬೈಲಿನ ಮುಂದೆ ಕೂತರು.

ಮೊದಲ ಪಾಠದಲ್ಲೇ ನೇಮ ಹೇಳಿದರು. “ನಾ ಉಸಿರು ತಗೊಂಡಲ್ಲಿ ನೀವೂ ತಗೋರಿ. ನಾ ತಗೊಳ್ಳದಲ್ಲಿ ತಗೋಬ್ಯಾಡ್ರಿ.”

ಹನ್ನೊಂದನೇ ಪಾಠ ಯಮನ್ ರಾಗದ ಒಂದು ಉದ್ದನೆಯ ಆಲಾಪ. ಹಾಡುವಾಗ ಗುರುಗಳು ನಡುವೆ ಮೂರು ಸಲ ನಿಂತರು. ಒಂದು ಸಲ ಕೆಮ್ಮಿದರು, ಒಂದು ಸಲ ಎದೆ ಒತ್ತಿ ಹಿಡಿದರು. ನಿಂತ ಸ್ವರದಿಂದಲೇ ಮತ್ತೆ ಎತ್ತಿಕೊಂಡು ಮುಗಿಸಿದರು.

ದಾನೇಶ ಅದನ್ನು ಕಂಪ್ಯೂಟರಿನಲ್ಲಿ ನೋಡುತ್ತಾ ಅತ್ತುಬಿಟ್ಟ. ತನ್ನ ಗುರುವಿನ ಏದುಸಿರನ್ನು ಕಂಡಕಂಡವರೆಲ್ಲ ಯಾಕೆ ಕೇಳಬೇಕು ಅನ್ನಿಸಿತು.

ಮೂರು ಉಸಿರನ್ನೂ ಕತ್ತರಿಸಿ ತೆಗೆದ. ತುಂಡುಗಳನ್ನು ಜೋಡಿಸಿದ. ಜೋಡಣೆ ಕಿವಿಗೆ ಸಿಗದಂತೆ ಅಡಿಯಲ್ಲಿ ತಂಬೂರಿಯ ನಾದ ಹಾಸಿದ. ಮುಖ ಜಿಗಿದಂತೆ ಕಾಣುವ ಕಡೆ ಹೊಳೆಯ ಚಿತ್ರ ಇಟ್ಟ. ಆಲಾಪ ನಲವತ್ತೆರಡು ಸೆಕೆಂಡು, ಒಂದೇ ಉಸಿರಿನಲ್ಲಿ ಬಂತು.

ಅವನು ಮಾಡಿದ್ದು ಭಕ್ತಿಯಿಂದ. ನನಗೆ ಸಿಟ್ಟು ಬರುವುದೂ ಅದಕ್ಕೇ. ದುರಾಸೆಯಿಂದ ಮಾಡಿದ್ದರೆ ಬೈದು ಕೈ ತೊಳೆದುಕೊಳ್ಳಬಹುದಿತ್ತು.

ಕತ್ತರಿಸಿದ್ದು ಹೇಳದೆ ಗುರುಗಳಿಗೆ ತೋರಿಸಿದ. ಅವರು ನೋಡಿದರು. ಇನ್ನೊಂದು ಸಲ ತೋರಿಸು ಅಂದರು. ಮತ್ತೆ ನೋಡಿ, ಹಾಕು ಅಂದರು.

ವಿಡಿಯೊ ಎಲ್ಲ ಕಡೆ ಓಡಾಡಿತು. ಈ ವಯಸ್ಸಿನಲ್ಲಿ ಇಂಥ ಉಸಿರೇ ಎಂದು ಜನ ಬರೆದರು. ಸಂಗೀತದ ಮೇಷ್ಟ್ರುಗಳು ತಮ್ಮ ಮಕ್ಕಳಿಗೆ ಅದನ್ನು ತೋರಿಸಿ, ಮುದುಕರನ್ನು ನೋಡಿ ಕಲಿಯಿರಿ ಎಂದು ಚುಚ್ಚಿದರು. ದಾನೇಶ ಊಟದ ಹೊತ್ತಿನಲ್ಲಿ ಒಂದೊಂದೇ ಓದಿ ಹೇಳುತ್ತಿದ್ದ. ಗುರುಗಳು ಕಣ್ಣು ಮುಚ್ಚಿ ಕೇಳುತ್ತಿದ್ದರು.

ಒಂದು ವರ್ಷ ಕಳೆದ ಮೇಲೆ, ಒಂದು ಬೆಳಿಗ್ಗೆ, ಸಿಂದಗಿ ಕಡೆಯ ಒಬ್ಬ ತಾಯಿ ಮಗಳನ್ನು ಕರೆದುಕೊಂಡು ಆಶ್ರಮಕ್ಕೆ ಬಂದಳು. ಮಗಳ ಹೆಸರು ಕಸ್ತೂರಿ. ಹತ್ತೊಂಬತ್ತರ ಹುಡುಗಿ. ಕೈಯಲ್ಲಿ ಒಂದು ನೋಟ್‌ಬುಕ್ಕು, ಪೆನ್ಸಿಲ್ಲು.

ಹುಡುಗಿ ಗುರುಗಳ ಪಾದಕ್ಕೆ ಹಣೆ ಹಚ್ಚಿ ಬಹಳ ಹೊತ್ತು ಏಳಲಿಲ್ಲ. ಗುರುಗಳು ತಲೆ ಸವರಿ, ಯಾರ ಹತ್ತಿರ ಕಲಿತಿದ್ದೀ ಎಂದು ಕೇಳಿದರು. ಅವಳು ಅವರನ್ನೇ ತೋರಿಸಿದಳು.

ಮಾತು ತಾಯಿಯೇ ಆಡಬೇಕಾಯಿತು. ಹೊಲದ ಕೆಲಸ ಮುಗಿಸಿ ಬಂದು ಮಗಳು ಮೊಬೈಲು ಎದುರಿಗಿಟ್ಟುಕೊಂಡು ಕಲಿಯುತ್ತಿದ್ದಳು. ಹತ್ತು ಪಾಠ ಸಲೀಸಾಗಿ ಬಂದವು. ಹನ್ನೊಂದನೆಯದು ಬರಲಿಲ್ಲ. ನಡುವೆ ಉಸಿರು ತೆಗೆದುಕೊಂಡಾಗೆಲ್ಲ ತನ್ನ ಕೆನ್ನೆಗೆ ತಾನೇ ಹೊಡೆದುಕೊಂಡು ಮೊದಲಿನಿಂದ ಶುರು ಮಾಡುತ್ತಿದ್ದಳು. ದಿನಕ್ಕೆ ಮೂವತ್ತು ಸಲ, ನಲವತ್ತು ಸಲ. ಎಂಟು ತಿಂಗಳು ಹೀಗೇ ನಡೆಯಿತು. ಒಂದು ದಿನ ಉಗುಳಿನಲ್ಲಿ ರಕ್ತ ಬಂತು. ಮರುದಿನ ದನಿ ಹೋಯಿತು.

ಇನ್ನು ಆರು ತಿಂಗಳು ಮಾತಾಡಬಾರದು ಎಂದು ಡಾಕ್ಟರು ಹೇಳಿದ್ದರು. ಹಾಡುವುದನ್ನು ಮರೆತುಬಿಡು ಎಂದೂ ಹೇಳಿದ್ದರು.

“ಬ್ಯಾರೆ ಏನೂ ಕೇಳಾಕ ಬಂದಿಲ್ರೀ,” ಅಂದಳು ತಾಯಿ. “ಒಂದು ಮಾತು ಗುರುಗಳನ್ನ ಕೇಳಬೇಕು ಅಂತ ಜೀವ ತಿಂದಾಳ.”

ಕಸ್ತೂರಿ ನೋಟ್‌ಬುಕ್ಕು ತೆರೆದು ಮುಂದಿಟ್ಟಳು. ಮನೆಯಲ್ಲೇ ಬರೆದು ತಂದಿದ್ದಳು. ದಾನೇಶ ಅದನ್ನು ಗಟ್ಟಿಯಾಗಿ ಓದಿದ.

‘ನನಗೆ ಇಪ್ಪತ್ತೊಂಬತ್ತು ಸೆಕೆಂಡಿನ ತನಕ ಉಸಿರು ಬರುತ್ತದೆ. ಉಳಿದ ಹದಿಮೂರು ಸೆಕೆಂಡಿಗೆ ನಾನು ಏನು ತಪ್ಪು ಮಾಡುತ್ತಿದ್ದೇನೆ?’

ಅವನು ಕೊನೆಯ ಮಾತಿನ ಹತ್ತಿರ ಬಂದು ನಿಲ್ಲಿಸಿದ. ಹುಡುಗಿ ಬೆರಳಿಟ್ಟು ತೋರಿಸಿದಳು, ಅದನ್ನೂ ಓದು ಅನ್ನುವಂತೆ. ಓದಿದ.

ಗುರುಗಳು ತಂಬೂರಿ ತರಲು ಹೇಳಿದರು.

ಅವಳ ಎದುರಿಗೆ ಕೂತು ಅದೇ ಆಲಾಪ ಹಾಡಿದರು. ವರ್ಷದಲ್ಲಿ ಕಾಯಿಲೆ ಹೆಚ್ಚಾಗಿತ್ತು. ಮೊದಲ ಉಸಿರು ಎಂಟು ಸೆಕೆಂಡಿಗೆ ಮುಗಿಯಿತು. ನಿಂತರು, ಎಳೆದುಕೊಂಡರು, ಹಾಡಿದರು. ಮತ್ತೆ ನಿಂತರು. ದಾನೇಶ ನೀರಿನ ಲೋಟ ಹಿಡಿದು ಬಂದರೆ ಕೈಯಿಂದಲೇ ಅತ್ತ ಸರಿಸಿದರು.

ಅವರು ನಿಂತಾಗೆಲ್ಲ ಕಸ್ತೂರಿ ನೋಟ್‌ಬುಕ್ಕಿನಲ್ಲಿ ಒಂದು ಗೆರೆ ಎಳೆದಳು. ಆಲಾಪ ಮುಗಿದಾಗ ಐದು ಗೆರೆಗಳಿದ್ದವು. ಅವಳು ಅವನ್ನು ಎಣಿಸಿ, ತಲೆ ಎತ್ತಿ ದಾನೇಶನ ಕಡೆ ನೋಡಿದಳು.

ಅವನು ಎಲ್ಲ ಹೇಳಿದ. ಎಲ್ಲೆಲ್ಲಿ ಕತ್ತರಿಸಿದೆ, ಹೊಳೆಯ ಚಿತ್ರ ಯಾಕೆ ಇಟ್ಟೆ, ಒಂದನ್ನೂ ಬಿಡಲಿಲ್ಲ. ತಾಯಿಗೆ ಅರ್ಧ ತಿಳಿಯಿತು, ಅರ್ಧ ತಿಳಿಯಲಿಲ್ಲ. ಮಗಳಿಗೆ ಪೂರ್ತಿ ತಿಳಿಯಿತು.

ಅವಳು ಗೆರೆಗಳ ಕೆಳಗೆ ಬರೆದು ಗುರುಗಳಿಗೆ ಕೊಟ್ಟಳು. ಈ ಸಲ ಅವರೇ ಓದಿಕೊಂಡರು.

‘ಹಾಗಾದರೆ ನನ್ನ ತಪ್ಪೇನೂ ಇರಲಿಲ್ಲವೇ?’

“ಇರಲಿಲ್ಲವ್ವ,” ಅಂದರು ಗುರುಗಳು.

ಹುಡುಗಿ ಬಾಯಿಗೆ ಸೆರಗು ಒತ್ತಿಕೊಂಡಳು. ಅಳುವುದಕ್ಕೂ ಅವಳಿಗೆ ಡಾಕ್ಟರ ಅಪ್ಪಣೆ ಇರಲಿಲ್ಲ. ದನಿ ಹೊರಗೆ ಬರದಂತೆ, ಭುಜ ಮಾತ್ರ ಅಲುಗುತ್ತಾ ಅತ್ತಳು. ಇದನ್ನು ಬರೆಯುವಾಗಲೂ ನನಗೆ ಯಾರ ಮೇಲೆ ಹರಿಹಾಯಬೇಕೋ ತಿಳಿಯುತ್ತಿಲ್ಲ.

ಹೊರಡುವಾಗ ತಾಯಿ ಗುರುಗಳ ಕಾಲು ಮುಟ್ಟಿ ನಮಸ್ಕಾರ ಮಾಡಿದಳು. ಕಸ್ತೂರಿ ಮಾಡಲಿಲ್ಲ. ನೋಟ್‌ಬುಕ್ಕು ಎದೆಗೆ ಅವಚಿಕೊಂಡು ಮೊದಲೇ ಹೊರಗೆ ನಡೆದಿದ್ದಳು.

ಅವರು ಹೋದ ಮೇಲೆ ದಾನೇಶ ಹನ್ನೊಂದನೇ ಪಾಠವನ್ನು ಅಳಿಸಿದ. ಆಮೇಲೆ ಉಳಿದವನ್ನೂ ಅಳಿಸಿದ. ಅದರಿಂದ ಆದದ್ದೇನೂ ಇಲ್ಲ. ಎಷ್ಟೋ ಜನ ಮೊದಲೇ ಇಳಿಸಿಕೊಂಡು ಇಟ್ಟಿದ್ದರು, ಎಷ್ಟೋ ಮನೆಗಳಲ್ಲಿ ಎಷ್ಟೋ ಮಕ್ಕಳು ಆ ಹೊತ್ತಿಗೂ ಅದರ ಮುಂದೆ ಕೂತಿರಬಹುದು.

ಗುರುಗಳು ಹೊಳೆಯ ಮೆಟ್ಟಿಲ ಮೇಲೆ ಕೂತಿದ್ದರು. ಅವನು ಹೋಗಿ ಅವರ ಕಾಲ ಹತ್ತಿರ ಕೂತ. ನನ್ನನ್ನು ಬೈಯಿರಿ, ಆಶ್ರಮದಿಂದ ಹೊರಗೆ ಹಾಕಿರಿ ಎಂದು ಕೇಳಿಕೊಂಡ. ಗುರುಗಳು ಬೈಯಲಿಲ್ಲ.

ಆಗ ಅವನಿಗೆ ಅನುಮಾನ ಬಂತು. ಹದಿನೇಳು ವರ್ಷದಲ್ಲಿ ಅವರು ಇಷ್ಟು ಹೊತ್ತು ಬೈಯದೆ ಇದ್ದದ್ದೇ ಇಲ್ಲ. ಶ್ರುತಿ ಕೂದಲೆಳೆಯಷ್ಟು ಇಳಿದರೆ ಬೈಯುತ್ತಿದ್ದರು. ಪಕ್ಕದ ಕೋಣೆಯಲ್ಲಿ ಶಿಷ್ಯನೊಬ್ಬ ಕದ್ದು ಉಸಿರು ತೆಗೆದುಕೊಂಡರೆ ಇಲ್ಲಿಂದಲೇ ಗದರುತ್ತಿದ್ದರು. ಅಂಥ ಕಿವಿ ಆ ವಿಡಿಯೊವನ್ನು ಎರಡು ಸಲ ಕೇಳಿತ್ತು.

ಕೇಳಲು ಹೆದರಿಕೆಯಾಯಿತು. ಆದರೂ ಕೇಳಿದ.

“ಅವತ್ತು ನಾ ತೋರಿಸಿದಾಗ ನಿಮಗ ಗೊತ್ತಾಗಲಿಲ್ಲೇನ್ರೀ?”

“ಗೊತ್ತಾತು.”

“ಮೂರೂ ಕಡೆ?”

“ಮೂರೂ ಕಡೆ.”

ಮುಂದಾಗುವುದು ತಿಳಿಯದೆ ತಾನು ಮಾಡಿದೆ ಎಂದು ದಾನೇಶ ಸಮಾಧಾನ ಹೇಳಿಕೊಳ್ಳಬಹುದಿತ್ತು. ನೇಮ ಮಾಡಿದ ಇವರೇ ಕತ್ತರಿಸಿದ್ದು ತಿಳಿದೂ ಹಾಕು ಅಂದಿದ್ದರು. ಜೀವಮಾನದಲ್ಲಿ ಮೊದಲ ಸಲ ಅವನು ಗುರುವಿನ ಮುಖವನ್ನು ನೆಟ್ಟ ಕಣ್ಣಿನಿಂದ ನೋಡಿದ.

“ಮತ್ತ ಯಾಕ ಸುಮ್ಮನಿದ್ರಿ?”

ಗುರುಗಳು ಉಸಿರು ಎಳೆದುಕೊಂಡರು. ಸಾಲಲಿಲ್ಲ. ಇನ್ನೊಂದು ಸಲ ಎಳೆದುಕೊಂಡರು.

“ಅಷ್ಟು ಚಲೋ ನಾ ಎಂದೂ ಹಾಡಿರಲಿಲ್ಲೋ, ದಾನೇಶ.”