ದೇಚಮ್ಮನ ಕೈಗೆ ಒಪ್ಪುವ ಲೇಪ

ಹೇಮಾವತಿ ನದಿಯ ದಂಡೆಯಲ್ಲಿ ಕಾಳಾಚಾರ್ರು ಒಂದು ಕೋವಿ ರಿಪೇರಿ ಶೆಡ್ಡು ಇಟ್ಟುಕೊಂಡಿದ್ದರು. ಪರವಾನಗಿ ಇದ್ದ ಶೆಡ್ಡು, ಒಳ್ಳೆಯ ಹೆಸರಿದ್ದ ಶೆಡ್ಡು. ಅವರಿಗೆ ಮೌನೇಶ ಅಂತ ಒಬ್ಬ ಶಿಷ್ಯ. ಹೆಸರು ಮೌನೇಶ, ಬಾಯಿಗೆ ಮಾತ್ರ ಬಿಡುವಿಲ್ಲ.

ಅವನದು ಒಂದೇ ಪ್ರಶ್ನೆ.

“ಗುರುಗಳೇ, ಪಿಸ್ತೂಲಿನ ಸ್ಲೈಡಿಗೆ ಎಲ್ಲಕ್ಕಿಂತ ಒಳ್ಳೆ ಲೇಪ ಯಾವುದು?”

ಸ್ಲೈಡು ಅಂದರೆ ಪಿಸ್ತೂಲಿನ ಮೇಲುಭಾಗದ ಉಕ್ಕಿನ ತುಂಡು. ಗುಂಡು ಹಾರಿದಾಗಲೆಲ್ಲ ಹಿಂದಕ್ಕೆ ಸರಿದು ಮುಂದಕ್ಕೆ ಬರುತ್ತದೆ. ಬೆರಳು ತಾಗುವುದು ಅಲ್ಲಿ, ಬೆವರು ಹತ್ತುವುದು ಅಲ್ಲಿ, ತುಕ್ಕು ಹಿಡಿಯುವುದೂ ಅಲ್ಲೇ.

“ಯಾರಿಗೆ?” ಎನ್ನುತ್ತಿದ್ದರು ಆಚಾರ್ರು.

“ಯಾರಿಗಾದ್ರೂ ಆಗ್ಲಿ. ಒಳ್ಳೇದು ಯಾವುದು, ಅಷ್ಟು ಹೇಳಿ.”

“ಯಾರಿಗೆ?”

ಊಟಕ್ಕೆ ಮೊದಲು ಒಂದು ಸಲ, ಊಟವಾದ ಮೇಲೆ ಒಂದು ಸಲ ಇದೇ ಪಾರಾಯಣ. ಆಚಾರ್ರಿಗೆ ತಲೆ ಚಿಟ್ಟು ಹಿಡಿದುಹೋಗಿತ್ತು.

ಹಾಗಂತ ಶಿಷ್ಯ ದಡ್ಡನಲ್ಲ. ದಡ್ಡನಾಗಿದ್ದರೆ ಎಷ್ಟೋ ವಾಸಿಯಿತ್ತು. ಕೇಳಿದ ಕೂಡಲೇ ಒಂದುಸಿರಿಗೆ ಒಪ್ಪಿಸುತ್ತಿದ್ದ.

“ಕಪ್ಪು ಲೇಪ ಅಂದ್ರೆ ನಾವೇ ಉಕ್ಕಿಗೆ ಹದವಾಗಿ ತುಕ್ಕು ಹಿಡಿಸಿ, ಅದನ್ನ ನೀರಲ್ಲಿ ಕುದಿಸಿ ಕಪ್ಪು ಮಾಡೋದು. ನೋಡೋಕೆ ರಾಜಕಳೆ, ಎಣ್ಣೆ ತಪ್ಪಿದ್ರೆ ಕೆಡ್ತದೆ. ಫಾಸ್ಫೇಟು ಬೂದಿ ಬಣ್ಣ, ಒರಟು, ಆದ್ರೆ ಎಣ್ಣೇನ ಕುಡಿದು ಹಿಡ್ಕೊಳ್ತದೆ. ನಿಕ್ಕಲ್ಲು ಬೆವರಿಗೆ ಜಗ್ಗಲ್ಲ, ಎಲ್ಲಾದ್ರೂ ಎದ್ದುಬಂದ್ರೆ ಮಾತ್ರ ಅದರಡಿಯಲ್ಲೇ ತುಕ್ಕು ಹರೀತದೆ. ಒಲೆಯಲ್ಲಿ ಬೇಯಿಸಿದ ಬಣ್ಣ ಪಿಸ್ತೂಲಿಡೋ ಚೀಲಕ್ಕೆ ಉಜ್ಜಿ ಉಜ್ಜಿ ಸವೀತದೆ. ನೈಟ್ರೈಡು ಮೇಲೆ ಕೂರೋದೇ ಇಲ್ಲ, ಉಕ್ಕಿನ ಚರ್ಮದೊಳಗೆ ಇಳೀತದೆ. ಅದು ಕಾರ್ಖಾನೆ ಕುಲುಮೆಯ ಕೆಲಸ.”

ಒಂದು ಅಕ್ಷರ ತಪ್ಪಿಲ್ಲ. ಬೈಯೋಣವೆಂದರೆ ನೆಪವೂ ಸಿಗುತ್ತಿರಲಿಲ್ಲ.

“ಇನ್ನು ಕಲಿಯೋದೇನಿದೆ ಗುರುಗಳೇ? ಅಪ್ಪಣೆ ಕೊಡಿ, ಪೇಟೆಯಲ್ಲಿ ನನ್ನದೇ ಅಂಗಡಿ ಇಡ್ತೀನಿ. ಅಂಗಡಿ ಆಗೋವರೆಗೂ ಕಾಲಿಡಲ್ಲ ಅಂತ ಹೆಂಡತಿ ತವರಲ್ಲಿ ಕೂತಿದ್ದಾಳೆ.”

ಹೆಂಡತಿಯ ಮಾತು ಬಂದಾಗ ಅವನ ದನಿ ಸಣ್ಣಗಾಗುತ್ತಿತ್ತು. ಆಚಾರ್ರ ಸಿಟ್ಟು ಅಲ್ಲಿಗೆ ಸ್ವಲ್ಪ ಕರಗುತ್ತಿತ್ತು.

“ಸರಿ. ಮುಂದೆ ಬರೋ ಪಿಸ್ತೂಲು ನಿನ್ನದು. ಲೇಪ ನೀನೇ ಆರಿಸು, ನೀನೇ ಹಾಕು. ಸರಿಹೋದ್ರೆ ಹೊರಡು. ನಾನೇ ಬಂದು ನಿನ್ನ ಅಂಗಡಿ ಬಾಗಿಲಿಗೆ ಪೂಜೆ ಮಾಡ್ತೀನಿ.”

ಆ ವಾರ ಬಂದವಳು ದೇಚಮ್ಮ, ಕೊಡಗಿನ ಕಡೆಯವಳು. ಪಿಸ್ತೂಲಿನಲ್ಲಿ ಗುರಿ ಹೊಡೆಯುವ ಸ್ಪರ್ಧೆಯ ಆಟಗಾರ್ತಿ. ರಾಜ್ಯದ ತಂಡಕ್ಕೆ ಆಯ್ಕೆ ಹತ್ತಿರ ಬಂದಿತ್ತು, ಅವಳ ಪಿಸ್ತೂಲಿನ ಸ್ಲೈಡು ಕಲೆಗಟ್ಟಿತ್ತು.

ಆಚಾರ್ರು ಅವಳಿಗೆ ಸ್ಟೂಲು ಕೊಟ್ಟರು, ಕಾಫಿ ಕೊಟ್ಟರು. ಆಮೇಲೆ ಉಜ್ಜಿ ಒರೆಸಿದ ಬರೀ ಕಬ್ಬಿಣದ ಒಂದು ತುಂಡನ್ನೂ ಕೊಟ್ಟರು.

“ಇದನ್ನ ಹಿಡ್ಕೊಂಡು ಮಾತಾಡಿ ತಾಯಿ.”

ಬಂದವರಿಗೆಲ್ಲ ಅವರು ಮಾಡುತ್ತಿದ್ದುದು ಹೀಗೆಯೇ. ಒಬ್ಬೊಬ್ಬರ ಬೆವರು ಒಂದೊಂದು ಥರ. ಕೆಲವರದು ನೀರಿನಷ್ಟು ಸಾಧು, ಕೆಲವರದು ಕಬ್ಬಿಣವನ್ನೇ ತಿನ್ನುತ್ತದೆ. ಹಿಡಿದ ತುಂಡನ್ನು ಒರೆಸದೆ ಇಟ್ಟರೆ ಬೆಳಗಾಗುವಷ್ಟರಲ್ಲಿ ಅದೇ ಹೇಳಿಬಿಡುತ್ತದೆ, ಈ ಕೈಗೆ ಯಾವ ಲೇಪ ಎಂದು.

ಮೌನೇಶ ಇದನ್ನು ವರ್ಷಗಟ್ಟಲೆ ನೋಡಿದ್ದ. ಯಾಕೆ ಅಂತ ಒಮ್ಮೆಯೂ ಕೇಳಿರಲಿಲ್ಲ. ತಾನಾಗಿ ಕೇಳಲಿ ಎಂದು ಆಚಾರ್ರು ಹಟ ಹಿಡಿದು ಕಾಯುತ್ತಿದ್ದರು. ಆ ಪ್ರಶ್ನೆ ಬರಲಿಲ್ಲ, ಇನ್ನೊಂದು ಪ್ರಶ್ನೆ ದಿನಾ ಬಂತು.

ಬೇರೆ ದಿನ ಆ ತುಂಡನ್ನು ಅವರೇ ಒಳಗೆ ಒಯ್ಯುತ್ತಿದ್ದರು. ಅಂದು ಶಿಷ್ಯನ ಮೇಜಿನ ಮೇಲೆ ಇಟ್ಟರು.

“ಇದು ನಿನ್ನ ಹತ್ತಿರ ಇರಲಿ.”

ಬೆಳಿಗ್ಗೆ ಆಚಾರ್ರು ಹೊಳೆಯಲ್ಲಿ ಮಿಂದು ಬರುವಾಗ ಮೌನೇಶ ಬಾಗಿಲಲ್ಲೇ ನಿಂತಿದ್ದ. ಮುಖದ ತುಂಬಾ ನಗು.

“ಕಬ್ಬಿಣ ಎಲ್ಲಿ?” ಎಂದರು ಆಚಾರ್ರು.

ಅವನು ಕೈಚಾಚಿ ತೋರಿಸಿದ. ಮುಖ ನೋಡಿಕೊಳ್ಳಬಹುದಿತ್ತು, ಅಷ್ಟು ಹೊಳೆಯುತ್ತಿತ್ತು.

“ಬೆಳಗಾಗೋದ್ರೊಳಗೆ ಬೆರಳು ಬೆರಳಿಗೂ ತುಕ್ಕು ಎದ್ದಿತ್ತು ಗುರುಗಳೇ! ಯಾರಾದ್ರೂ ನೋಡಿದ್ರೆ ನಮ್ಮ ಶೆಡ್ಡಿನ ಮರ್ಯಾದೆ ಏನಾಗ್ಬೇಕು? ಎದ್ದ ತಕ್ಷಣ ಕೂತು ಉಜ್ಜಿಬಿಟ್ಟೆ.”

ಆಚಾರ್ರು ಒದ್ದೆ ಪಂಚೆಯಲ್ಲೇ ಹಣೆ ಚಚ್ಚಿಕೊಂಡರು. ತುಂಡನ್ನು ಹೊಳೆಗೆ ಎಸೆಯೋಣ ಅನ್ನಿಸಿತು. ಶಿಷ್ಯನನ್ನೂ ಅದರ ಹಿಂದೆಯೇ ಎಸೆಯೋಣ ಅನ್ನಿಸಿತು.

“ಚೆನ್ನಾಗಿ ಉಜ್ಜಿದ್ದೀಯ” ಎಂದರು.

“ಹೌದಲ್ವಾ?”

“ಯಾವ ಲೇಪ ಹಾಕ್ತೀಯ?”

“ಕಪ್ಪು. ಅದರಷ್ಟು ಚೆಂದ ಇನ್ಯಾವುದಿದೆ? ಗುರಿ ಇಡುವಾಗ ಕಣ್ಣಿಗೂ ಹೊಡೆಯಲ್ಲ.”

ಬೇಡ ಅನ್ನುವುದು ಆಚಾರ್ರ ಬಾಯ ತುದಿಗೆ ಬಂದಿತ್ತು. ಹೇಳಿದರೆ ಇವತ್ತು ತಲೆಯಾಡಿಸುತ್ತಾನೆ, ನಾಳೆ ಊಟಕ್ಕೆ ಮೊದಲು ಮತ್ತೆ ಶುರು. ಉಕ್ಕನ್ನಾದರೆ ಇನ್ನೊಮ್ಮೆ ತಿದ್ದಬಹುದು, ಆಯ್ಕೆಗೆ ಇನ್ನೂ ದಿನವಿದೆ.

“ಹಾಕು” ಎಂದರು.

ಹಾಕಿದ. ತುಕ್ಕು ಹಿಡಿಸಿದ, ಕುದಿಸಿದ, ತಿಕ್ಕಿದ, ಮತ್ತೆ ಮತ್ತೆ ಮಾಡಿದ. ಸ್ಲೈಡು ಹೊಸದಾಗಿ ತೀಡಿದ ಕಾಡಿಗೆಯಂತೆ ಕಪ್ಪಾಯಿತು. ಕೆಲಸ ನೋಡಿ ಆಚಾರ್ರಿಗೆ ಹೆಮ್ಮೆಯಾಯಿತು. ಹೆಮ್ಮೆಯಾಯಿತಲ್ಲ ಎಂದು ಇನ್ನಷ್ಟು ಸಿಟ್ಟು ಬಂತು.

ಸ್ವಲ್ಪ ದಿನಕ್ಕೇ ದೇಚಮ್ಮ ವಾಪಸು ಬಂದಳು. ಸ್ಲೈಡನ್ನು ಹಿಡಿದು ಎಳೆಯುವ ಜಾಗದಲ್ಲಿ ಕೆಂಪಗೆ ಬೆರಳಿನ ಗುರುತು.

“ದಿನಾ ಎಣ್ಣೆ ಒರೆಸಿದ್ದೀನಿ ಆಚಾರ್ರೇ. ನನ್ನ ಮಗುವಿಗೂ ಇಷ್ಟು ಎಣ್ಣೆ ಹಚ್ಚಿಲ್ಲ.”

ಮೌನೇಶನ ಮುಖ ಬಿಳುಚಿಕೊಂಡಿತು. ಅಂಗಡಿ ಹೋಯಿತು, ಹೆಂಡತಿ ಬರುವುದೂ ಹೋಯಿತು. ಗಾಬರಿಗೆ ಬಾಯಿ ತೆರೆದೇಬಿಟ್ಟ.

“ನನ್ನ ಲೇಪದಲ್ಲಿ ದೋಷ ಇಲ್ಲ ಗುರುಗಳೇ. ಇವರ ಕೈಯೇ ಸರಿ ಇಲ್ಲ. ಇಂಥ ಕೈ ಮುಟ್ಟಿದ್ರೆ ಯಾವ ಕಬ್ಬಿಣ ಉಳೀತದೆ?”

ದೇಚಮ್ಮ ತನ್ನ ಅಂಗೈ ನೋಡಿಕೊಂಡಳು. ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡಳು.

“ಚಿಕ್ಕಂದಿನಿಂದಲೂ ಹೀಗೇ. ಯಾವಾಗಲೂ ಒದ್ದೆ” ಎಂದಳು ಮೆಲ್ಲಗೆ.

ಆಚಾರ್ರ ದನಿ ಹೊಳೆಯ ಆಚೆ ದಡಕ್ಕೂ ಕೇಳಿಸಿತು.

“ಕೈ ಸರಿ ಇಲ್ವಾ? ಹಾಗಾದ್ರೆ ಪಿಸ್ತೂಲು ಬಿಡು, ಅವರ ಕೈಯನ್ನೇ ತೊಟ್ಟಿಗಿಳಿಸಿ ಲೇಪ ಹಾಕು! ಅಯ್ಯೋ ಮಹಾರಾಯ, ಆ ಕೈ ನಿನಗೆ ಎಲ್ಲಾ ಬಿಡಿಸಿ ಹೇಳಿತ್ತಲ್ಲೋ, ಆ ತುಂಡಿನ ಮೇಲೆ. ನೋಡೋದು ಬಿಟ್ಟು ಉಜ್ಜಿ ಹಾಕಿದೆ.”

ಮೌನೇಶ ಮೇಜಿನ ಮೇಲಿದ್ದ ತುಂಡನ್ನು ನೋಡಿದ.

“ಅದಕ್ಕಾ ಅದು?”

“ಕೇಳಿದೆಯಲ್ಲ. ನನ್ನ ಪುಣ್ಯ.”

“ನೀವು ಮೊದಲೇ ಯಾಕೆ ಹೇಳಲಿಲ್ಲ?”

“ನಿನ್ನ ಪ್ರಶ್ನೆ ಮುಗಿದ್ರೆ ತಾನೆ ನಾನು ಬಾಯಿ ಬಿಡೋದು?”

ಅವತ್ತಿನಿಂದ ಮೌನೇಶ ನಿಜಕ್ಕೂ ಮೌನವಾಗಿ ಕೆಲಸ ಮಾಡಿದ. ಕಪ್ಪನ್ನು ಪೂರ್ತಿ ತೆಗೆದ. ಹೊಳಪು ಕಣ್ಣಿಗೆ ಹೊಡೆಯದ ಹಾಗೆ ಉಕ್ಕಿನ ಮೇಲೆ ನುಣ್ಣನೆ ಮರಳು ಊದಿ ಮಂಕು ಮಾಡಿದ. ಆಮೇಲೆ ನಿಕ್ಕಲ್ಲು ಹಾಕಿದ. ಅದೇ ನಿಕ್ಕಲ್ಲು ಹಾಕಿದ ಒಂದು ತುಂಡನ್ನು ದೇಚಮ್ಮನನ್ನು ಕರೆಸಿ ಅವಳ ಕೈಗೆ ಕೊಟ್ಟು, ಒರೆಸದೆ ಬೆಳಗಿನವರೆಗೆ ಇಟ್ಟ. ಒಂದು ಚುಕ್ಕೆಯೂ ಏಳಲಿಲ್ಲ.

ಹಾಗೆ ಮಾಡು ಎಂದು ಆಚಾರ್ರು ಹೇಳಿರಲಿಲ್ಲ. ಅವರ ಸಿಟ್ಟು ಅರ್ಧಕ್ಕಿಳಿಯಿತು.

ಪಿಸ್ತೂಲು ಒಯ್ಯುವ ದಿನ ದೇಚಮ್ಮ ಬಂದಳು. ಮೌನೇಶ ಎರಡೂ ಕೈಯಲ್ಲಿ ಹಿಡಿದು ನೀಡಿದ.

“ತಗೊಳ್ಳಿ ಅಕ್ಕ. ಇನ್ನು ಏನೂ ಆಗಲ್ಲ.”

ಅವಳು ಚೀಲದಿಂದ ಒಂದು ಕರವಸ್ತ್ರ ತೆಗೆದಳು. ಅಂಗೈಗೆ ಸುತ್ತಿಕೊಂಡು ಪಿಸ್ತೂಲು ಈಸಿಕೊಂಡಳು.

“ಬಟ್ಟೆ ಸುತ್ತಿ ಹಿಡಿದ್ರೆ ಗುರಿ ನಿಲ್ಲುತ್ತಾ ತಾಯಿ?” ಎಂದರು ಆಚಾರ್ರು.

“ಜಾರುತ್ತೆ ಆಚಾರ್ರೇ. ಈಗೀಗ ಕ್ಲಬ್ಬಿನ ಪಿಸ್ತೂಲನ್ನೂ ಹೀಗೇ ಹಿಡೀತೀನಿ. ಯಾರ ಕಬ್ಬಿಣಾನೂ ಕೆಡಿಸೋದು ಬೇಡ ಅಂತ.”

ನಕ್ಕಳು. ನಮಸ್ಕಾರವನ್ನೂ ಆ ಬಟ್ಟೆ ಸುತ್ತಿದ ಕೈಯಲ್ಲೇ ಮಾಡಿ, ಹೊಳೆಯ ದಾರಿ ಹಿಡಿದು ಬಸ್ಸಿಗೆ ಹೊರಟಳು.

ಮೌನೇಶ ಆಗಲೇ ತನ್ನ ಅರ, ಸುತ್ತಿಗೆಗಳನ್ನು ಗೋಣಿಗೆ ತುಂಬುತ್ತಿದ್ದ. ಬಾಯಿ ಮತ್ತೆ ಶುರುವಾಗಿತ್ತು.

“ಒಂದು ಚುಕ್ಕೆ ಇಲ್ಲ ನೋಡಿ ಗುರುಗಳೇ, ಬೇಕಾದ್ರೆ ಸಮುದ್ರಕ್ಕೆ ಇಳಿಸ್ಲಿ! ಲೇಪ ಸರಿಹೋಯ್ತಲ್ಲ, ಈಗ ಅಪ್ಪಣೆ ತಾನೆ?”

ಆಚಾರ್ರು ದಾರಿಯ ಕಡೆಯೇ ನೋಡುತ್ತ ನಿಂತಿದ್ದರು. ಈ ಸಲ ಅವರಿಗೆ ಕೂಗಾಡಲೂ ಶಕ್ತಿ ಇರಲಿಲ್ಲ.

“ಸ್ಲೈಡಿನ ತುಕ್ಕು ಹೋಯ್ತು, ಒಪ್ಪಿದೆ ಕಣೋ. ಆ ತಾಯಿಯ ಕೈಗೆ ನೀನು ಹಿಡಿಸಿದೆಯಲ್ಲ, ಆ ತುಕ್ಕಿಗೆ ಯಾವ ಲೇಪ ಒಳ್ಳೇದು ಅಂತ ಹೇಳಿ ಹೊರಡು.”